ಟೇಪಿನಲ್ಲಿ ಸಿಕ್ಕಿಬಿದ್ದ ಬೈಗುಳ

೧೯೬೫ರಲ್ಲಿ ನಾನು ಮದ್ರಾಸಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭಾಷಾಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ವರ್ಷದ ಆರಂಭದಲ್ಲೇ ಊರಿಡೀ ಹಿಂದಿ ವಿರೋಧಿ ಚಳವಳಿ ಹೊತ್ತಿಕೊಂಡಿತ್ತು. ಅಂಥ ಹೊತ್ತಿನಲ್ಲಿ ‘ನಿಮ್ಮ ಮನೆಮಾತು ಯಾವುದು?’ ಎಂದು ಕೇಳುತ್ತ ಬೀದಿ ಸುತ್ತುವವರಿಗೆ ತಲೆ ನೆಟ್ಟಗಿಲ್ಲ ಎಂದೇ ಅರ್ಥ. ನನ್ನ ವಿದ್ಯಾರ್ಥಿನಿ ವಸಂತಿ ಅದನ್ನೇ ಕೇಳಬೇಕಿತ್ತು.

ರೈಲ್ವೆ ಗುಮಾಸ್ತರ ಮಗಳು ಅವಳು. ತಮಿಳು ಶಾಲೆಗೆ ಹೋಗುವ ಕನ್ನಡ ಮನೆಗಳ ಮಕ್ಕಳಿಗೆ ಕನ್ನಡ ಎಷ್ಟು ತಿಳಿಯುತ್ತದೆ, ಎಷ್ಟು ಬಾಯಿಗೆ ಬರುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಅವರಿಗೆ ಓದು ಕಲಿಸುವುದು ಹೇಗೆಂದು ಅದರಿಂದ ಗೊತ್ತಾಗಬೇಕಿತ್ತು. ಅನ್ವಯಿಕ ಭಾಷಾಶಾಸ್ತ್ರ ಎಂದರೆ ಇಷ್ಟೇ: ಭಾಷೆಯ ಬಗ್ಗೆ ತಿಳಿದದ್ದನ್ನು ಉಪಯೋಗಕ್ಕೆ ತರುವುದು. ಮನೆಮಂದಿಯ ಸಹಜ ಮಾತನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿಯುವುದೆಂದು ಇಬ್ಬರೂ ಕೂತು ಯೋಜನೆ ಹಾಕಿದ್ದೆವು. ಗಲಾಟೆಯಿಂದಾಗಿ ಕಾಲೇಜು ಮುಚ್ಚಿತ್ತು. ಆದರೆ ಪ್ರಬಂಧ ಒಪ್ಪಿಸುವ ಗಡುವು ಹಾಗೇ ಇತ್ತು. ತಪ್ಪಿದರೆ ಅವಳ ಒಂದು ವರ್ಷ ಮಣ್ಣುಪಾಲು. ಮತ್ತೆ ಓದಿಸುವ ಮಾತೇ ಇಲ್ಲವೆಂದು ಅಪ್ಪ ಹೇಳಿಬಿಟ್ಟಿದ್ದರು.

ಹೀಗಾಗಿ ಒಂದು ಮಧ್ಯಾಹ್ನ ವೆಸ್ಟ್ ಮಾಂಬಲಂನ ಒಂದು ಓಣಿಯಲ್ಲಿ ಪದ್ದಜ್ಜಿಯ ಮನೆಗೆ ಹೋದೆವು. ಅಜ್ಜಿ ಕುಂದಾಪುರದ ಕಡೆಯವರು, ಮಗ ಅಲ್ಲೇ ಹೋಟೆಲು ನಡೆಸುತ್ತಿದ್ದ. ಹಿಂದಿನ ದಿನ ಗಲಾಟೆಯಲ್ಲಿ ಯಾರೋ ಎಸೆದ ಕಲ್ಲಿಗೆ ಹೋಟೆಲಿನ ಮಿಠಾಯಿಯ ಗಾಜಿನ ಕಪಾಟು ಒಡೆದಿತ್ತು. “ನಾನ್ ಆಡಿದ್ದು ಹೊರಗಿನವ್ರಿಗೆ ಕೇಂಬುಕಾಗ ಮತ್ತೆ!” ಎಂದರು ಅಜ್ಜಿ. ಯಾರಿಗೂ ಕೇಳಿಸುವುದಿಲ್ಲ ಎಂದು ವಸಂತಿ ಮಾತು ಕೊಟ್ಟಳು. ಯಂತ್ರ ಹಚ್ಚಿದ್ದೇ ತಡ, ಕಲ್ಲೆಸೆದವರ ಕೈ ಸೇದಿಹೋಗಲಿ ಎಂಬಲ್ಲಿಂದ ಶುರುವಾಗಿ ಅವರ ವಂಶದ ತನಕ ಅಜ್ಜಿ ಯಾರನ್ನೂ ಬಿಡಲಿಲ್ಲ. ಆಮೇಲೆ ಮೊಮ್ಮಗಳು ಗಿರಿಜೆಗೆ ಕಥೆ ಹೇಳಿದರು. ಅಜ್ಜಿಯದು ಕನ್ನಡ, ಮಗುವಿನ ‘ಹ್ಞೂಂ’ ಒಂದು ಬಿಟ್ಟರೆ ಉತ್ತರವೆಲ್ಲ ತಮಿಳು. ವಸಂತಿಯ ಮುಖ ಅರಳಿತು.

ಅಷ್ಟರಲ್ಲಿ ಬಾಗಿಲಲ್ಲಿ ಆರೇಳು ಹುಡುಗರು. ಭಾಷೆ ವಿಚಾರಿಸುವವರು ಬಂದಿದ್ದಾರೆಂಬ ಸುದ್ದಿ ಓಣಿಯಲ್ಲಿ ಹರಡಿತ್ತು. ಹಿಂದಿ ಹೇರಲು ಸರ್ಕಾರ ಕಳಿಸಿದ ಜನವೋ ಎಂದು ಕೇಳಿದರು. ಒಬ್ಬನ ಕೈಯಲ್ಲಿ ಕೋಲಿತ್ತು. ಕಾಲೇಜಿನವರು, ಓದಿಗಾಗಿ ಬಂದಿದ್ದೇವೆ ಎಂದು ತಮಿಳಿನಲ್ಲಿ ತೊದಲಿದೆ. ಅವರು ನಂಬಿ ಹೊರಡುವವರೇ ಇದ್ದರೇನೋ. ಆದರೆ ಗಿರಿಜೆ ಯಂತ್ರ ತೋರಿಸಿ ಕುಣಿದಳು: “ಪಾಟ್ಟಿ ಅದುಲ ಉಂಗಳೈ ತಿಟ್ಟಿನಾಂಗ!” ಅಜ್ಜಿ ಅದರಲ್ಲಿ ನಿಮಗೆ ಬೈದಿದ್ದಾರೆ, ಎಂದು. ಕಲ್ಲೆಸೆದವರು ಇವರೇ ಎಂದುಕೊಂಡಿತ್ತು ಮಗು.

ಅಯ್ಯೋ ದೇವರೇ! ಮಗುವಿಗೆ ಕನ್ನಡ ಪೂರ್ತಿ ತಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

“ಪೋಟ್ಟು ಕಾಟ್ಟು,” ಹಾಕಿ ತೋರಿಸು, ಎಂದ ಕೋಲಿನವನು. ಅಜ್ಜಿ ಗೋಡೆ ಹಿಡಿದು ಕೂತರು. ಕೈ, ವಂಶ ಎಂಬ ಮಾತುಗಳು ತಮಿಳಿನಲ್ಲೂ ಇವೆ, ಬೈಗುಳವೆಂದು ತಿಳಿಯಲು ಅಷ್ಟೇ ಸಾಕು. ನಾಳೆ ಕಲ್ಲು ಬೀಳುವುದು ಕಪಾಟಿನ ಮೇಲಲ್ಲ, ಈ ಮುದುಕಿಯ ಮೇಲೆ ಎಂದು ಹೆದರಿದೆ.

ವಸಂತಿ ಟೇಪನ್ನು ಮೊದಲಿಗೆ ಸುತ್ತಿದಳು. ಆಮೇಲೆ ಒಂದಲ್ಲ, ಎರಡು ಗುಂಡಿ ಒಟ್ಟಿಗೆ ಒತ್ತಿದ್ದು ನನಗೊಬ್ಬಳಿಗೇ ಕಂಡಿತು. ಎರಡೂ ಒತ್ತಿದರೆ ಯಂತ್ರ ನುಡಿಯುವುದಿಲ್ಲ, ಕೇಳಿದ್ದನ್ನು ಬರೆದುಕೊಳ್ಳುತ್ತದೆ, ಹಳೆಯದನ್ನು ಅಳಿಸುತ್ತ ಹೋಗುತ್ತದೆ. ಚಕ್ರ ತಿರುಗಿತು. “ಎನ್ನ, ಸತ್ತಮೇ ವರಲೆ?” ಶಬ್ದವೇ ಇಲ್ಲವಲ್ಲ ಎಂದು ಅವರು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ಯಂತ್ರ ಬಿಸಿಯಾಗಬೇಕು, ಸ್ವಲ್ಪ ತಾಳಿ ಎಂದು ವಸಂತಿ ಹೇಳುತ್ತಲೇ ಇದ್ದಳು. ಬೈಗುಳ ಅಳಿಯಿತು. ಅದರ ಬೆನ್ನಿಗಿದ್ದ ಕಥೆಯೂ ಅಳಿಯಿತು.

ಕೊನೆಗೆ ಮತ್ತೆ ಸುತ್ತಿ ಹಾಕಿದಳು. ಯಂತ್ರದಿಂದ ಬಂದದ್ದು ಅವರದೇ ದನಿ! ಹುಡುಗರು ಬೆಪ್ಪಾದರು. ತನ್ನ ದನಿ ಕೇಳಿ ಕೋಲಿನವನು ನಾಚಿಕೊಂಡ, ಉಳಿದವರು ಅವನನ್ನು ಅಣಕಿಸಿದರು. ಇನ್ನೊಮ್ಮೆ ಹಾಕಿಸಿ ಕೇಳಿ, ಮಗು ಸುಳ್ಳು ಹೇಳಿತೆಂದು ನಗುತ್ತ ಹೋದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ವಸಂತಿ ಬಿಕ್ಕಿ ಬಿಕ್ಕಿ ಅತ್ತಳು. “ಎಲ್ಲ ಹೋಯ್ತು ಮೇಡಂ. ಬೇರೆ ಯಾರ ಮನೆಗೂ ಇನ್ನು ಕಾಲಿಡೋಕೆ ಧೈರ್ಯ ಇಲ್ಲ. ಆದ್ರೆ ಅಜ್ಜಿಗೆ ಮಾತು ಕೊಟ್ಟಿದ್ನಲ್ಲ...”

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ನನ್ ಬೈಗಳ ಎಲ್ಲ ಹೋಯ್ತಾ?”

“ಹೋಯ್ತು ಅಜ್ಜಿ.”

“ಕಥೆಯೂ?”

“ಅದೂ.”

ಅಜ್ಜಿ ಗಿರಿಜೆಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಅಳುತ್ತಿದ್ದ ವಸಂತಿಯತ್ತ ತಿರುಗಿ ಸಮಾಧಾನ ಮಾಡಿದರು: “ಮರ್ಕಬೇಡ ಮಾರಾಯ್ತಿ. ಕಥೆ ಇನ್ನೊಂದ್ಸಲ ಹೇಳ್ತೆ. ಮೊದ್ಲ್ ಆ ಬಾಗ್ಲ್ ಹಾಕಿ ಬಾ.”

ಆ ಒಂದೇ ಮನೆಯ ಮಾತಿನ ಮೇಲೆ ಪ್ರಬಂಧ ಗಡುವಿನೊಳಗೆ ಮುಗಿಯಿತು. ಅಲ್ಲಿಂದ ನಿವೃತ್ತಿಯವರೆಗೆ ವಿದ್ಯಾರ್ಥಿಗಳು ಸಂಶೋಧನೆಯ ಯೋಜನೆ ತಂದಾಗಲೆಲ್ಲ ನಾನು ಪ್ರಶ್ನೆಗಳ ಪಟ್ಟಿಯನ್ನು ಆಮೇಲೆ ನೋಡುತ್ತಿದ್ದೆ. ಮೊದಲು ಕೇಳುತ್ತಿದ್ದುದು ಒಂದೇ: “ನಿಮ್ಮನ್ನು ನಂಬಿ ಒಬ್ಬರು ಬಾಯಿ ಬಿಡುತ್ತಾರಲ್ಲ, ಬಾಗಿಲು ಹಾಕುವವರು ಯಾರು?”