ಹದಿನೆಂಟು ರೊಟ್ಟಿಯ ಪಾಠ

ಗುರುಬಾಯಿ ಕಾಕು ಪಾಠವನ್ನು ಪುಟದಲ್ಲಿ ಅಳೆಯುತ್ತಿರಲಿಲ್ಲ, ರೊಟ್ಟಿಯಲ್ಲಿ ಅಳೆಯುತ್ತಿದ್ದರು. “ಇದು ಹನ್ನೆರಡು ರೊಟ್ಟಿ ಪಾಠ, ಹಗುರ ಅದ. ನಾಳಿಂದು ಇಪ್ಪತ್ತರದು, ನೀರು ಕುಡದು ಕುಂದ್ರು” ಎನ್ನುತ್ತಿದ್ದರು. ನಾನು ಒಂದು ಪುಟ ಗಟ್ಟಿಯಾಗಿ ಓದುವಷ್ಟರಲ್ಲಿ ಅವರ ಕೈಯಲ್ಲಿ ಒಂದು ಜೋಳದ ರೊಟ್ಟಿ ತಟ್ಟಿಸಿಕೊಂಡು, ಬೆಂದು, ಬುಟ್ಟಿಗೆ ಬೀಳುತ್ತಿತ್ತು. ಓದಿದ್ದನ್ನು ನೆನಪು ಮಾಡಿಕೊಳ್ಳುವಾಗಲೂ ಅಷ್ಟೇ. ಕಣ್ಣು ಮುಚ್ಚಿ, ಬೆರಳಿನಿಂದ ನೆಲವನ್ನು ತಟ್ಟುತ್ತ, “ಇದು ನಾಕನೇ ರೊಟ್ಟ್ಯಾಗ ಬಂದಿತ್ತು” ಎಂದು ಉತ್ತರ ಹೇಳುತ್ತಿದ್ದರು. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಕಮಲಾಪುರದಲ್ಲಿ ಅವರದು ನಮ್ಮ ಪಕ್ಕದ ಮನೆ; ಚಿಕ್ಕಮ್ಮನಂಥವರಿಗೆ ನಮ್ಮ ಕಡೆ ಕಾಕು ಎನ್ನುತ್ತೇವೆ. ದಿನಾ ರೊಟ್ಟಿ ಮಾಡಿ, ಬಟ್ಟೆಯಲ್ಲಿ ಕಟ್ಟಿ, ಬೆಳಗಿನ ಬಸ್ಸಿಗೆ ಹಾಕಿ ಕಲಬುರಗಿಯ ಖಾನಾವಳಿಯೊಂದಕ್ಕೆ ಕಳಿಸುತ್ತಿದ್ದರು. ಅದೇ ಬಸ್ಸಿನಲ್ಲಿ ನಾನು ಬಿ.ಎ. ಓದಲು ಹೋಗುತ್ತಿದ್ದೆ. ಕಾಕುವಿಗೆ ಪಿಯುಸಿ ಪಾಸಾದ ವರ್ಷವೇ ಮದುವೆ ಮಾಡಿಬಿಟ್ಟಿದ್ದರು. “ನನ್ನ ರೊಟ್ಟಿ ದಿನಾ ಕಲಬುರಗಿಗಿ ಹೋಗ್ತಾವ. ನಾ ಮಾತ್ರ ಒಂದಿನಾನೂ ಕಾಲೇಜಿಗಿ ಹೋಗ್ಲಿಲ್ಲ ನೋಡು” ಎಂದು ನಗುತ್ತಲೇ ಹೇಳುತ್ತಿದ್ದರು. ಆ ನಗುವಿನೊಳಗೆ ಏನಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ನಲವತ್ತು ದಾಟಿದ ಮೇಲೆ ಅವರು ದೂರಶಿಕ್ಷಣದ ಬಿ.ಎ.ಗೆ ಹೆಸರು ಹಚ್ಚಿದರು. ಮನೆಯಲ್ಲೇ ಓದುವುದು, ಪರೀಕ್ಷೆಗಷ್ಟೇ ಕಲಬುರಗಿಗೆ ಹೋಗುವುದು. ಓಣಿಯೆಲ್ಲ ನಕ್ಕಿತು. “ಮನ್ಯಾಗ ಕುಂತವರಿಗಿ ಯಾರು ಡಿಗ್ರಿ ಕೊಡ್ತಾರ?” ಎಂದು ನಮ್ಮ ಅವ್ವನೇ ಕೇಳಿದಳು. ಕಾಕು ಹಿಟ್ಟು ನಾದುವ ಕೊಣಮಿಗೆಯಿಂದ ಕೈ ಎತ್ತದೆ ಹೇಳಿದರು: “ರೊಟ್ಟಿನೂ ಮನ್ಯಾಗೇ ಬೇಯ್ತಾವವ್ವಾ. ಊರವರು ಉಣ್ಣಲ್ಲೇನು?”

ದಿನವಿಡೀ ಹಿಟ್ಟಿನ ಕೈ, ಪುಸ್ತಕ ಹಿಡಿಯುವುದು ಹೇಗೆ? ಅದಕ್ಕೆ ಸಂಜೆ ಓದಿ ಹೇಳಲು ನನ್ನನ್ನು ಕರೆದರು. ಸಂಬಳ, ಬಿಸಿ ರೊಟ್ಟಿ ಮತ್ತು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಕಾಕುವಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಜಂಬ ನನಗೆ ತಲೆಗೇರಿತ್ತು.

ಕೆಲಸದ ನಡುವೆ ಬಿಟ್ಟುಬಿಟ್ಟು ಓದಿ, ಕೊನೆಗೆ ಇತಿಹಾಸದ ಒಂದೇ ಪೇಪರ್ ಉಳಿಯಿತು. ಡಿಗ್ರಿ ಮುಗಿಸಲು ಕೊಟ್ಟ ಗಡುವಿನ ಕೊನೆಯ ವರ್ಷವದು. ಅದೊಂದು ಹೋದರೆ ಮತ್ತೆ ಮೊದಲ ವರ್ಷದಿಂದಲೇ ಎಲ್ಲ ಶುರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದೇ ನನ್ನ ಸಂಕಟ.

ಆ ಸಂಜೆ ಬಹಮನಿಯವರ ಆಡಳಿತದ ಪಾಠ. ನನ್ನ ಫೋನು ಗೆಳತಿಯರ ಮೆಸೇಜಿನಿಂದ ಒಂದೇ ಸಮನೆ ಮಿಣಮಿಣ ಎನ್ನುತ್ತಿತ್ತು. ನಮ್ಮ ಕಲಬುರಗಿ ಕೋಟೆಯವರ ಕಥೆ ಯಾರಿಗೆ ಗೊತ್ತಿಲ್ಲ ಎಂದುಕೊಂಡು ಏಳು ಪುಟಗಳನ್ನು ಒಟ್ಟಿಗೆ ಮಗುಚಿದೆ.

“ಮುಗೀತಾ?” ಎಂದರು ಕಾಕು.

“ಮುಗೀತ್ರಿ.”

ಬುಟ್ಟಿಯ ಕಡೆ ನೋಡಿದರು. “ಹದಿನೆಂಟರ ಪಾಠಿದು. ಹನ್ನೊಂದೇ ಆದ್ವಲ್ಲ?”

“ಇವತ್ತ ಕೈ ನಿಧಾನ ಆಗ್ಯಾದೇನ್ರಿ ನಿಮ್ಮದು” ಎಂದೆ. ಕಾಕು ಇನ್ನೊಂದು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದರು.

ಪರೀಕ್ಷೆ ಮುಗಿಸಿ ಬಂದ ಸಂಜೆ ಪ್ರಶ್ನೆಪತ್ರಿಕೆ ಇಸಿದುಕೊಂಡು ನೋಡಿದೆ. ಮೊದಲ ಪ್ರಶ್ನೆಯೇ ನಾನು ಹಾರಿಸಿದ ಪುಟಗಳದ್ದು. “ಬರದ್ರೇನ್ರಿ ಕಾಕು?” ಎಂದರೆ, “ಬರದೀನಿ ತಗೋ” ಎಂದು ಒಳಗೆ ಹೋದರು. ಫಲಿತಾಂಶದ ದಿನ ನಂಬರ್ ಕೊಡ್ರಿ, ನೋಡ್ತೀನಿ ಎಂದೆ. “ಮಗಳು ನೋಡ್ಯಾಳ, ಪಾಸ್” ಎಂದವರೇ ಗೊನೆಗಟ್ಟಲೆ ಕೆಂಪು ಬಾಳೆಹಣ್ಣು ತರಿಸಿ ಓಣಿಗೆಲ್ಲ ಹಂಚಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನು ಎರಡು ಹಣ್ಣು ತಿಂದೆ. ಆಮೇಲೆ ಎಂ.ಎ. ಮಾಡಿದೆ, ಕಲಬುರಗಿಯಲ್ಲಿ ಅತಿಥಿ ಉಪನ್ಯಾಸಕಿಯಾದೆ, ಅಲ್ಲೇ ಕೋಟನೂರ ಬಡಾವಣೆಯಲ್ಲಿ ಮನೆ ಹಿಡಿದೆ. ಪಾಠಕ್ಕೆ ಬೇಸರಪಡುವ ಹುಡುಗಿಯರಿಗೆಲ್ಲ ರೊಟ್ಟಿ ಬಡಿಯುತ್ತಲೇ ಬಿ.ಎ. ಮುಗಿಸಿದ ಕಾಕುವಿನ ಕಥೆ ಹೇಳುತ್ತಿದ್ದೆ. ಓದಿ ಹೇಳಿದವಳು ನಾನೇ ಎಂದು ಸೇರಿಸುವುದನ್ನು ಎಂದೂ ಮರೆಯುತ್ತಿರಲಿಲ್ಲ.

ಈ ವರ್ಷ ದೂರಶಿಕ್ಷಣದ ಪರೀಕ್ಷೆಗೆ ನಮ್ಮ ಕಾಲೇಜೇ ಕೇಂದ್ರ, ನನಗೆ ಕೊಠಡಿಯ ಮೇಲ್ವಿಚಾರಣೆ. ಹಾಲ್ ಟಿಕೆಟ್ ನೋಡಿ ಸಹಿ ಹಾಕುತ್ತ ಬರುತ್ತಿದ್ದೆ. ಮೂರನೇ ಬೆಂಚಿನ ಮೇಲೆ ಎರಡು ಬೆರಳು ತಟ್ಟುತ್ತಿದ್ದವು. ತಟಪಟ, ತಟಪಟ. ತಲೆ ಎತ್ತುವ ಮೊದಲೇ ಯಾರೆಂದು ಗೊತ್ತಾಯಿತು.

ಗುರುಬಾಯಿ ಕಾಕು. ಕೊನೆಯ ವರ್ಷ, ಇತಿಹಾಸ.

“ಕಾಕು...” ಎಂದೆ.

“ಸಹಿ ಮಾಡ್ರಿ ಮೇಡಮ್, ಟೈಮ್ ಆಗ್ಲಾಕತ್ತದ” ಎಂದರು ಅವರು. ಎತ್ತಿ ಆಡಿಸಿದ ಹುಡುಗಿಗೆ ರೀ ಹಚ್ಚಿ ಮಾತಾಡಿದರು. ನಾನು ಸಹಿ ಹಾಕಿ ಮುಂದಿನ ಬೆಂಚಿಗೆ ಹೋದೆ. ಮೂರು ತಾಸು ಆ ಕೋಣೆಯಲ್ಲಿ ಹೇಗೆ ನಿಂತಿದ್ದೆನೋ ನೆನಪಿಲ್ಲ. ಕಾಕು ಮಾತ್ರ ಒಮ್ಮೆಯೂ ತಲೆ ಎತ್ತದೆ ಬರೆದರು.

ಮುಗಿದ ಮೇಲೆ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದೆ. “ಆವಾಗ ಫೇಲ್ ಆಗಿದ್ರೇನ್ರಿ?”

“ಆಗಿದ್ದೆ. ನಾಕ ನಂಬರ್ ಕಮ್ಮಿ ಬಿದ್ದಿದ್ವು.”

“ಪುಟ ಹಾರ್ಸಿದ್ದು ಗೊತ್ತಿತ್ತು ನಿಮಗ. ಬೈಬೇಕಿತ್ತಲ್ರಿ!”

“ಬೈದಿದ್ರ ಮರುದಿನ ನೀ ಬರ್ತಿದ್ದೇನು? ಹನ್ನೊಂದಾದ್ರೂ ಸಿಗ್ತಾವ, ಉಳದ ಏಳು ನಾನೇ ಓದ್ಕೊಂಡ್ರಾತು ಅಂದ್ಕೊಂಡಿದ್ದೆ. ಅಷ್ಟರಾಗ ಮಗಳ ಬಾಣಂತನ ಬಂತು. ಆಗ್ಲಿಲ್ಲ.”

“ಮತ್ತ ಆ ಬಾಳಿಹಣ್ಣು?”

“ನೀ ಎಂ.ಎ.ಗಿ ಅರ್ಜಿ ಹಾಕಿದ್ದಿ. ಗೊತ್ತಾಗಿದ್ರ ಪುಸ್ತಕ ಮುಟ್ತಿದ್ದೇನು ನೀ?” ಎಂದು ನನ್ನ ಕೆನ್ನೆ ತಟ್ಟಿದರು. “ಫಸ್ಟ್ ಇಯರ್‌ದಿಂದ ಮತ್ತ ಹೆಸರು ಹಚ್ಚಿದೆ. ಈ ಸಲ ಬೆಳಕು ಹರಿಯೂ ಮುಂದ ನಾನೇ ಓದೀನಿ.” ಬಸ್ ಹತ್ತುವಾಗ ಹಾಲ್ ಟಿಕೆಟ್ ನಂಬರ್ ಬರೆದ ಚೀಟಿಯನ್ನು ನನ್ನ ಕೈಗಿಟ್ಟರು. “ಈ ಸಲ ರಿಸಲ್ಟ್ ನೀನೇ ನೋಡು.”

ಆಮೇಲೆ ನಾವು ಭೇಟಿಯಾಗಿಲ್ಲ. ಒಲೆಯ ಮುಂದೆ ಕೂರಲು ಮೊಣಕಾಲು ಒಪ್ಪದೆ, ಕಾಕು ಸೊಲ್ಲಾಪುರಕ್ಕೆ ಮಗಳ ಮನೆಗೆ ಹೊರಟುಹೋದರು. ಫಲಿತಾಂಶ ಬಂದ ಬೆಳಿಗ್ಗೆ ಚೀಟಿ ನೋಡಿ ನಂಬರ್ ಹಾಕಿದೆ. ಪಾಸ್. ಇತಿಹಾಸದಲ್ಲಿ ನನ್ನ ಬಿ.ಎ. ಅಂಕಗಳಿಗಿಂತ ಒಂಬತ್ತು ಹೆಚ್ಚು. ಫೋನಿನಲ್ಲಿ ಹೇಳಿದಾಗ ಕಾಕು ಮೂಗು ಒರೆಸಿಕೊಂಡ ಸಪ್ಪಳ ಕೇಳಿತು. ಆಮೇಲೆ, “ಓಣ್ಯಾಗ ಏನೂ ಹೇಳಬ್ಯಾಡ ತಂಗಿ. ಅವರಿಗಿ ನಾ ಆವಾಗೇ ಪಾಸ್” ಎಂದರು.

ಆ ಭಾನುವಾರ ಒಂದು ಗೊನೆ ಕೆಂಪು ಬಾಳೆಹಣ್ಣು ಹೊತ್ತು ಕಮಲಾಪುರಕ್ಕೆ ಹೋದೆ. ಕಾಕುವಿನ ಬಾಗಿಲಿಗೆ ಬೀಗ. ಮನೆಮನೆಗೆ ಹಂಚುತ್ತ ನಮ್ಮ ಮನೆಗೆ ಬಂದು, “ಕಾಕು ಬಿ.ಎ. ಪಾಸಾದ ಹಣ್ಣು” ಎಂದು ಅವ್ವನ ಕೈಗಿಟ್ಟೆ.

“ಗುರುಬಾಯಿ ಬಿ.ಎ. ಪಾಸಾಗಿ ಎಷ್ಟು ವರ್ಷಾಯ್ತು, ಮತ್ಯಾಕ ಹಣ್ಣು?” ಎಂದಳು ಅವ್ವ.

“ಆವಾಗ ಆಗಿದ್ದಿಲ್ಲ ಬೇ. ನಾ ಏಳು ಪುಟ ಹಾರ್ಸಿದ್ದೆ” ಎಂದೆ.

ಅವ್ವ ಅರ್ಧ ಸುಲಿದ ಹಣ್ಣು ಹಿಡಿದುಕೊಂಡೇ ನನ್ನ ಮುಖ ನೋಡಿದಳು.