ಗಾಲಿ ಕಳಚಿದರೆ ಗಾಡಿಯೇ?

ಗೆಳೆಯರೇ, ನಾನು ಕಿರಂಗೂರಿನ ಬಡಗಿ. ಆದರೂ ಗಾಡಿ ಎಂದರೇನು ಎಂದು ಇವತ್ತು ಪಟ್ಟಣದ ಕೋಟೆ ಬಾಗಿಲಲ್ಲಿ ಕಲಿತೆ.

ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು. ಸೂಲಗಿತ್ತಿ ಇರುವುದು ಕೋಟೆಯೊಳಗೆ. ಹೆಂಡತಿಯನ್ನು ಗಾಡಿಯಲ್ಲಿ ಮಲಗಿಸಿ, ಇಬ್ಬರು ತಮ್ಮಂದಿರೊಡನೆ ಹೊರಟೆ. ಪಹರೆಯವನು ನಮ್ಮ ಗಾಡಿಗೆ ಅಡ್ಡ ನಿಂತ.

"ಯುದ್ದದ ಕಾಲ ಕಣಪ್ಪ. ಒತ್ತು ಮುಳುಗುದ್ಮೇಲೆ ಗಾಡಿ ಒಳಿಕ್ಕೆ ಬುಡಬ್ಯಾಡ ಅಂತ ಉಕುಂ ಆಗದೆ."

"ನನ್ನೆಂಡ್ರು ನೋವು ತಿಂತಾವ್ಳೆ ಕಣಣ್ಣ!"

"ಉಕುಂನಲ್ಲಿ ಎಂಡ್ರು ಇಲ್ಲ, ಗಾಡಿ ಅದೆ."

ಹೀಗೆ ಅಕ್ಷರ ಹಿಡಿದು ಜಗ್ಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮೆಲ್ಲಗೆ ಕೇಳಿದ: "ಆಚಾರಿ, ಕಡಾಣಿ ಕಿತ್ತು ಗಾಲಿ ಕಳಚುದ್ರೆ ಇದು ಗಾಡಿನಾ?"

"ಅಲ್ಲ, ಬರೀ ಮರ."

"ಮರುಕ್ಕೆ ಉಕುಂ ಇಲ್ಲ ಬುಡು."

ಎತ್ತು ಬಿಚ್ಚಿ ಗಾಲಿ ಕಳಚಿದೆ. ಅವಳು ಮಲಗಿದ್ದ ಹಾಗೆಯೇ ತಮ್ಮಂದಿರೂ ನಾನೂ ಆ ಮರವನ್ನು ಎತ್ತಿ ಒಳಗೆ ಹೊತ್ತೆವು. ಮುಂದಿನ ಮೂಲೆ ಹಿಡಿದವನು ಆ ಪಹರೆಯವನೇ.

ಹೆಣ್ಣು ಮಗು. ತಾಯಿಯೂ ಚೆನ್ನಾಗಿದ್ದಾಳೆ. ಅವನಿಗೆ ಕೈಮುಗಿಯೋಣವೆಂದು ಬಾಗಿಲಿಗೆ ಹೋದೆ. ನನ್ನ ಗಾಲಿಗಳನ್ನು ಕಾಯುತ್ತಾ ಕೂತಿದ್ದ.

"ಒಳಿಕ್ಕೆ ತಕ್ಕೊಂಡೋಗು, ಒಂದೊಂದಾಗಿ. ಎರಡೂ ಒಟ್ಗೆ ಉರುಳುಸ್ಕೊಂಡೋದ್ರೆ ಗಾಡಿ ಅಂದ್ಬುಟ್ಟಾರು!"