ಕಾಟರ್ ಪಿನ್ನು ಮತ್ತು ನಾನು ಹೇಳದ ಮಾತು

೧೯೭೪. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಾನು ಬೈಲಹೊಂಗಲದಲ್ಲಿ ಅವರ ಅಣ್ಣ, ನನ್ನ ಭಾವನವರ ಸೈಕಲ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ಭಾವನವರ ಎದುರು ಕೂಡುವ ರೂಢಿ ನಮ್ಮಲ್ಲಿರಲಿಲ್ಲ. ಪರದೆಯ ಹಿಂದೆ ಕುಳಿತು ಸಾಮಾನು ಆರಿಸಿ ಕೊಡುತ್ತಿದ್ದೆ. ಓದಿದ್ದು ಹಳ್ಳಿಯ ಸಾಲಿಯಲ್ಲಿ ನಾಲ್ಕನೇ ಇಯತ್ತೆ. ಆದರೆ ಅದೇ ಅಂಗಡಿಯಲ್ಲಿ ಮಿಸ್ತ್ರಿಯಾಗಿದ್ದ ನಿಮ್ಮ ಅಜ್ಜ ಕಲಿಸಿದ್ದರಿಂದ ಯಾವ ಸಾಮಾನನ್ನೂ ಕಣ್ಣು ಮುಚ್ಚಿ ಗುರುತಿಸುತ್ತಿದ್ದೆ.

ಭಾವನವರು ಸವದತ್ತಿಯಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅದನ್ನು ನನಗೇ ವಹಿಸುತ್ತಾರೆಂದು ಒಳಗೊಳಗೇ ನಂಬಿದ್ದೆ. ಅಷ್ಟರಲ್ಲಿ ನೆಗೆಣ್ಣಿಯ, ಅಂದರೆ ಭಾವನವರ ಹೆಂಡತಿಯ, ತಂಗಿ ಸುಮಿತ್ರಾ ಬಂದಳು. ಮ್ಯಾಟ್ರಿಕ್ ಪಾಸು. ಅವಳನ್ನು ಹುಬ್ಬಳ್ಳಿಗೆ ಮೂರು ದಿನ ಟ್ರೇನಿಂಗಿಗೆ ಕಳಿಸಿದರು. ನನ್ನನ್ನು ಕೇಳಲೂ ಇಲ್ಲ. ಬಂದವಳೇ ಇಂಗ್ಲಿಷ್ ಕ್ಯಾಟಲಾಗ್ ಹಿಡಿದು ಮಿಸ್ತ್ರಿಗಳಿಗೆ ಪಾಠ ಹೇಳತೊಡಗಿದಳು. ಅವಳ ನಗು ಕೇಳಿದರೂ ನನಗೆ ಉರಿಯುತ್ತಿತ್ತು.

ಒಂದು ದಿನ ಮನೋಳಿಯ ಶಿಕ್ಷಕಿಯೊಬ್ಬರ ಹೊಸ ಸೈಕಲ್ಲಿಗೆ ಸುಮಿತ್ರಾ ತಾನೇ ಪೆಡಲ್ ಕೂಡಿಸಿ ತೋರಿಸಿದಳು. ಪೆಡಲಿನ ಕಾಲನ್ನು ಅಚ್ಚಿಗೆ ಬಿಗಿಯುವ ಮೊಳೆಗೆ ಕಾಟರ್ ಪಿನ್ನು ಎನ್ನುತ್ತಾರೆ. ಎರಡು ಬದಿಯ ಪಿನ್ನುಗಳಲ್ಲಿ ಒಂದರ ನಟ್ಟು ಮೇಲೆ ಬಂದರೆ ಇನ್ನೊಂದರದು ಕೆಳಗೆ ಬರಬೇಕು, ಇಲ್ಲದಿದ್ದರೆ ಪೆಡಲ್ ಸೊಟ್ಟಗಾಗುತ್ತದೆ. ಅವಳು ಎರಡನ್ನೂ ಒಂದೇ ದಿಕ್ಕಿನಿಂದ ಬಡಿದಳು. ಪರದೆಯ ಸಂದಿಯಿಂದ ಕಂಡೆ. ಬಾಯಿ ಬಿಡಲಿಲ್ಲ. ಅವಳು ಬೀಳಲಿ, ಗೊತ್ತಾಗಲಿ ಎಂದುಕೊಂಡೆ.

ಬಿದ್ದದ್ದು ಶಿಕ್ಷಕಿ. ಪೆಡಲ್ ಜೋಲಿ ಹೊಡೆದು ಓಣಿಯಲ್ಲೇ ಉರುಳಿದರು. ಮೊಣಕೈಯಿಂದ ರಕ್ತ ಬಂತು.

"ಬುಕ್ಕಿನ್ಯಾಗ ಸೈಕಲ್ ಬೀಳೂದಿಲ್ಲರಿ ಅಕ್ಕಾರ, ಓಣ್ಯಾಗ ಬೀಳತೈತಿ," ಎಂದು ಮಿಸ್ತ್ರಿ ಈರಪ್ಪ ಸುಮಿತ್ರಾಳನ್ನು ಹಂಗಿಸಿದ. ಭಾವನವರು ಸಿಟ್ಟಾದರು. "ಸವದತ್ತಿಗೆ ಗಂಗವ್ವನ್ನ ಕಳಸೂದೇ ಪಕ್ಕಾ," ಎಂದರು. ಗಂಗವ್ವ ಅಂದರೆ ನಾನೇ.

ಬೇಕಾದದ್ದು ಸಿಕ್ಕಿತ್ತು. ಆದರೆ ಸಂಜೆ ಸುಮಿತ್ರಾ ಪರದೆಯ ಹಿಂದೆ ಬಂದು ಕುಳಿತಳು. "ಅಕ್ಕಾ, ಎಲ್ಲಿ ತಪ್ಪೇನಿ? ಒಂದೀಟು ತೋರಸ್ರಿ," ಎಂದಳು. ಅವಳ ಮುಖ ನೋಡಲಾಗಲಿಲ್ಲ.

ಮರುದಿನ ಮೊದಲ ಸಲ ಪರದೆ ಸರಿಸಿ ಹೊರಗೆ ಬಂದೆ. "ನಾ ನೋಡಿದ್ನಿರಿ ಭಾವಾರ. ಬೇಕಂತನ ಸುಮ್ನ ಕುಂತೆ."

ಭಾವನವರು ಅಂದರು: "ಗೊತ್ತಿಲ್ಲದಾಕಿಗೆ ಕಲಸಬಹುದವ್ವಾ. ಗೊತ್ತಿದ್ದೂ ಹೇಳದಾಕಿ ಕೈಯಾಗ ಅಂಗಡಿ ಹೆಂಗ ಕೊಡ್ಲಿ?"

ಸವದತ್ತಿ ಸುಮಿತ್ರಾಳ ಪಾಲಾಯಿತು. ಹೋಗುವ ಮುಂಚೆ ಒಂದು ತಿಂಗಳು ನಾನೇ ಅವಳಿಗೆ ಪ್ರತಿಯೊಂದು ಸಾಮಾನನ್ನೂ ಮುಟ್ಟಿಸಿ ಕಲಿಸಿದೆ. ಮೊಮ್ಮಕ್ಕಳೇ, ಸುಳ್ಳು ಬರೆಯಲಾರೆ. ಕಲಿಸುವಾಗಲೂ ಹೊಟ್ಟೆಕಿಚ್ಚು ಇತ್ತು, ಬಸ್ ಹತ್ತಿಸಿ ಬಂದ ದಿನವೂ ಇತ್ತು. ಅದು ಹೋಗಲೆಂದು ಕಾದಿದ್ದರೆ ಅವಳಿಗೆ ಒಂದು ನಟ್ಟನ್ನೂ ಕಲಿಸುತ್ತಿರಲಿಲ್ಲ.